ಸೇಬಿನ ರಸ, ಆಲಿವ್ ಎಣ್ಣೆ ಕುಡಿದರೆ ಪಿತ್ತಕೋಶದ ಕಲ್ಲು ಹೊರಬರುತ್ತದೆಯೇ?

ಐದಾರು ದಿನ ಸೇಬಿನ ರಸ ಕುಡಿದು, ಕೊನೆಯ ರಾತ್ರಿ ಎಪ್ಸಮ್ ಉಪ್ಪು, ಆಲಿವ್ ಎಣ್ಣೆ, ನಿಂಬೆರಸ ಸೇವಿಸಿದರೆ ಪಿತ್ತಕೋಶದ ಕಲ್ಲುಗಳು ಮಲದಲ್ಲಿ ಹೊರಬೀಳುತ್ತವೆ, ಆಪರೇಷನ್ನೇ ಬೇಡ ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯಂಥ ಊರಿನಿಂದ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು, ಜೊತೆಗೊಬ್ಬರು ಬೇಕು. ಹಾಗಾಗಿ ಇಂಥ ಮನೆಮದ್ದಿನತ್ತ ಮನಸ್ಸು ವಾಲುವುದು ಸಹಜ. ಈ ಸಂದೇಶ ಎಷ್ಟು ನಿಜ ಎಂದು ನೋಡೋಣ.

ಹೊರಬರುವ ಹಸಿರು ಉಂಡೆಗಳು ಏನು?

ಉಂಡೆಗಳು ಬೀಳುವುದು ನಿಜ, ಆದರೆ ಅವು ಕಲ್ಲುಗಳಲ್ಲ. ಇಂಥ ಉಂಡೆಗಳನ್ನು ಪರೀಕ್ಷಿಸಿದ ವರದಿಯೊಂದು 2005ರಲ್ಲಿ 'ದಿ ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಕೊಲೆಸ್ಟ್ರಾಲ್ ಆಗಲಿ, ಕ್ಯಾಲ್ಸಿಯಂ ಆಗಲಿ ಇರಲಿಲ್ಲ. ಸುಮಾರು ಶೇ 75ರಷ್ಟು ಕೊಬ್ಬಿನ ಆಮ್ಲಗಳಿದ್ದವು. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಿನಂತೆ ಗಟ್ಟಿಯಾಗಿತ್ತು. ಎಪ್ಸಮ್ ಉಪ್ಪು ಭೇದಿ ಮಾಡಿಸಿ ಅದನ್ನು ಹೊರಹಾಕುತ್ತದೆ, ಅಷ್ಟೆ.

ಬಾಳೆದಿಂಡಿನ ರಸ, ಕಾಡುಬಸಳೆ?

ಇವನ್ನು ಜನ ಬಳಸುವುದು ಮೂತ್ರಪಿಂಡದ ಕಲ್ಲಿಗೆ. ಆ ಕಲ್ಲು ಚಿಕ್ಕದಿದ್ದರೆ ಮೂತ್ರದ ಜೊತೆ ಹೋಗಬಹುದು. ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ. ಪಿತ್ತಕೋಶದ ಸಣ್ಣ ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಅಪಾಯವಾಗಬಹುದು.

ಎಲ್ಲರಿಗೂ ಆಪರೇಷನ್ ಬೇಕೇ?

ಬೇಡ. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡರೂ ನೋವಿಲ್ಲದಿದ್ದರೆ ಸಾಮಾನ್ಯವಾಗಿ ವೈದ್ಯರು ಕಾದು ನೋಡುತ್ತಾರೆ. ಊಟದ ನಂತರ ಬಲಪಕ್ಕೆಯ ಕೆಳಗೆ ಪದೇ ಪದೇ ನೋವು ಬರುತ್ತಿದ್ದರೆ ಆಪರೇಷನ್ ಸೂಚಿಸುತ್ತಾರೆ. ಬರೀ ಕಲ್ಲು ತೆಗೆದರೆ ಮತ್ತೆ ಬೆಳೆಯಬಹುದಾದ್ದರಿಂದ ಪಿತ್ತಕೋಶವನ್ನೇ ತೆಗೆಯುತ್ತಾರೆ. ಈ ಶಸ್ತ್ರಚಿಕಿತ್ಸೆ ಮೊದಲು ನಡೆದದ್ದು 1882ರಲ್ಲಿ, ಬರ್ಲಿನ್‌ನಲ್ಲಿ. ಈಗ ಹೆಚ್ಚಾಗಿ ಹೊಟ್ಟೆಯ ಮೇಲೆ ಮೂರು-ನಾಲ್ಕು ಸಣ್ಣ ರಂಧ್ರ ಮಾಡಿ ಲ್ಯಾಪರೊಸ್ಕೋಪಿ ವಿಧಾನದಲ್ಲಿ ಮಾಡುತ್ತಾರೆ.

ಪಿತ್ತಕೋಶವಿಲ್ಲದೆ ಊಟ ಜೀರ್ಣವಾಗುತ್ತದೆಯೇ?

ಆಗುತ್ತದೆ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಚೀಲವಿಲ್ಲದಿದ್ದರೆ ರಸ ನೇರವಾಗಿ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಸ್ವಲ್ಪ ದಿನ ಭೇದಿಯಾಗಬಹುದು. ಮೊದಲ ಕೆಲವು ವಾರ ಕರಿದ ತಿಂಡಿ ಕಡಿಮೆ ಮಾಡಿದರೆ ಸಾಕು, ಜೀವನಪೂರ್ತಿ ಪಥ್ಯ ಬೇಕಿಲ್ಲ.

ಚೇತರಿಕೆ ಹೇಗೆ?

ಲ್ಯಾಪರೊಸ್ಕೋಪಿಯಾದರೆ ಬಹುತೇಕರು ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ. ಭುಜ ನೋಯಬಹುದು, ಹೊಟ್ಟೆಯೊಳಗೆ ತುಂಬಿದ್ದ ಗ್ಯಾಸ್ ಅದಕ್ಕೆ ಕಾರಣ, ಕೆಲವು ದಿನಗಳಲ್ಲಿ ಕಡಿಮೆಯಾಗುತ್ತದೆ. ಮೊದಲ ದಿನದಿಂದಲೇ ನಿಧಾನಕ್ಕೆ ಓಡಾಡಿ. ಭತ್ತದ ಚೀಲ ಎತ್ತುವಂಥ ಭಾರದ ಕೆಲಸ ಮಾತ್ರ ವೈದ್ಯರು ಹೇಳುವವರೆಗೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಬೇಡ. ಹೊಟ್ಟೆ ಕೊಯ್ದು ಮಾಡಿದ ಆಪರೇಷನ್‌ಗೆ ಇನ್ನೂ ಹೆಚ್ಚು ಸಮಯ ಬೇಕು.

ಜ್ವರ, ಕಣ್ಣು ಹಳದಿಯಾಗುವುದು, ಹೆಚ್ಚುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಗಾಯದಲ್ಲಿ ಕೀವು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆಪರೇಷನ್‌ಗೂ ಮೊದಲೇ ಜ್ವರ, ಕಾಮಾಲೆ ಕಂಡರೂ ಅಷ್ಟೇ, ಕಾಯಬೇಡಿ.

ಖರ್ಚಿನ ಚಿಂತೆಯಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಆಧಾರ್, ರೇಷನ್ ಕಾರ್ಡ್ ತೋರಿಸಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ.

ನಮ್ಮ ತೀರ್ಮಾನ: ಸಂದೇಶ ಸುಳ್ಳು. ಕಲ್ಲು ಹೋಯಿತೆಂದು ನಂಬಿ ಚಿಕಿತ್ಸೆ ಮುಂದೂಡುವುದೇ ದೊಡ್ಡ ಅಪಾಯ. ನಿಮಗೂ ಈ ಸಂದೇಶ ಬಂದಿದ್ದರೆ ಫಾರ್ವರ್ಡ್ ಮಾಡಬೇಡಿ; ಕಳಿಸಿದವರಿಗೆ ಈ ವಿಷಯ ತಿಳಿಸಿ.