ಸ್ನಾಯು, ಕೀಲು ಮತ್ತು ಜೆಟ್ಟಿಗಳು: ಶ್ರೀರಂಗಪಟ್ಟಣ ಸೀಮೆಯ ದೇಹಜ್ಞಾನ

ಬೆಳಗೊಳವನ್ನು ಒಳಗೊಂಡ ಶ್ರೀರಂಗಪಟ್ಟಣ ಸೀಮೆಯು ಮೈಸೂರು ಅರಸರ ಕಾಲದಲ್ಲಿ ಮಲ್ಲವಿದ್ಯೆಗೆ ಆಶ್ರಯವಿತ್ತ ನೆಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿ ಉತ್ಸವವನ್ನು ಆರಂಭಿಸಿದರು. 1638ರಿಂದ 1659ರವರೆಗೆ ಅಲ್ಲಿಂದ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಮಲ್ಲರೆಂದು ಖ್ಯಾತರು. ಉತ್ಸವದಲ್ಲಿ ವಜ್ರಮುಷ್ಟಿ ಧರಿಸಿ ಕಾದುವ ಜೆಟ್ಟಿಗಳನ್ನು ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟವಾದ ತನ್ನ ಮೈಸೂರು ಇತಿಹಾಸದಲ್ಲಿ ವರ್ಣಿಸಿದ್ದಾನೆ.

1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥವು ಜೆಟ್ಟಿಗಳ ಬಗ್ಗೆ ಎರಡು ಸಂಗತಿಗಳನ್ನು ದಾಖಲಿಸುತ್ತದೆ. ಕತ್ತು ತಿರುಚಿ ಕೊಲ್ಲುವ ವಧಕಾರರಾಗಿ ಅವರನ್ನು ಬಳಸಿಕೊಳ್ಳಲಾಗುತ್ತಿತ್ತೆಂಬ ಪ್ರತೀತಿ ಒಂದು. ತಪ್ಪಿದ ಕೀಲುಗಳನ್ನು ಕೂರಿಸುವುದರಲ್ಲಿ ಅವರು ಕುಶಲರೆಂಬ ಖ್ಯಾತಿ ಇನ್ನೊಂದು. ಮೇಲುನೋಟಕ್ಕೆ ಪರಸ್ಪರ ವಿರುದ್ಧವೆನಿಸುವ ಇವೆರಡಕ್ಕೂ ಆಧಾರವಾದುದು ಒಂದೇ ತಿಳಿವಳಿಕೆ: ಮೂಳೆಯನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಕಟ್ಟುಗಳು ಯಾವುವು, ಅವು ಎಷ್ಟು ಸೆಳೆತವನ್ನು ತಾಳಬಲ್ಲವು ಎಂಬುದು.

ಇಂದಿನ ಶರೀರಶಾಸ್ತ್ರದ ಪ್ರಕಾರ ಮಾಂಸಖಂಡವು ಸ್ನಾಯುರಜ್ಜುವಿನ ಮೂಲಕ ಮೂಳೆಗೆ ಅಂಟಿಕೊಂಡಿರುತ್ತದೆ. ಮೂಳೆಯಿಂದ ಮೂಳೆಗೆ ಬಿಗಿಯುವುದು ಅಸ್ಥಿರಜ್ಜು. ಇವೆರಡರ ಮುಖ್ಯ ದ್ರವ್ಯ ಕೊಲಾಜೆನ್ ಎಂಬ ನಾರು. ಕೀಲು ತಪ್ಪಿದಾಗ ಅಸ್ಥಿರಜ್ಜು ಹಿಗ್ಗುತ್ತದೆ ಅಥವಾ ಹರಿಯುತ್ತದೆ. ಸುತ್ತಲಿನ ಮಾಂಸಖಂಡಗಳು ಸೆಟೆದು ಮೂಳೆಯನ್ನು ತಪ್ಪಿದ ಜಾಗದಲ್ಲೇ ಬಂಧಿಸುತ್ತವೆ. ಆದುದರಿಂದ ಕೀಲು ಕೂರಿಸುವವನು ಮೊದಲು ಗೆಲ್ಲಬೇಕಾದುದು ಮೂಳೆಯನ್ನಲ್ಲ, ಮಾಂಸಖಂಡದ ಬಿಗಿತವನ್ನು.

ಈ ಸಂಬಂಧವನ್ನು ಶಾಸ್ತ್ರಗ್ರಂಥಗಳೂ ಬಲ್ಲವು. ಸುಶ್ರುತಸಂಹಿತೆಯ ಶಾರೀರಸ್ಥಾನವು 300 ಅಸ್ಥಿ, 210 ಸಂಧಿ, 900 ಸ್ನಾಯು, 500 ಪೇಶಿ ಹಾಗೂ 16 ಕಂಡರಗಳನ್ನು ಎಣಿಸಿ, ಸ್ನಾಯುಗಳಿಂದ ಬಿಗಿದ ದೇಹವನ್ನು ಹಲಗೆಗಳನ್ನು ಕಟ್ಟಿ ಮಾಡಿದ ದೋಣಿಗೆ ಹೋಲಿಸುತ್ತದೆ. ಇಲ್ಲಿ ಮಾಂಸಖಂಡವೆಂದರೆ ಪೇಶಿ. ಸ್ನಾಯುವೆಂದರೆ ಕಟ್ಟುವ ನಾರು. ಆಧುನಿಕ ಕನ್ನಡದಲ್ಲಿಯಾದರೋ ಸ್ನಾಯು ಎಂಬ ಪದವು ಮಾಂಸಖಂಡಕ್ಕೇ ರೂಢವಾಗಿದೆ. ಆಡುಮಾತಿನ ‘ನರ’ ಎಂಬ ಪದವಂತೂ ನಾರುಕಟ್ಟು, ರಕ್ತನಾಳ, ಸಂವೇದನೆಯ ತಂತು ಈ ಮೂರನ್ನೂ ಸೂಚಿಸುತ್ತದೆ.

ಈ ಅರ್ಥಪಲ್ಲಟವನ್ನು ಗಮನಿಸದೆ ಪ್ರಾಚೀನ ವೈದ್ಯಗ್ರಂಥಗಳನ್ನು ಓದಿದಲ್ಲಿ 900 ಸ್ನಾಯುಗಳು 900 ಮಾಂಸಖಂಡಗಳಾಗಿಬಿಡುತ್ತವೆ. ಗ್ರಂಥಕಾರನು ಮಾಡದ ತಪ್ಪು ಅವನ ಮೇಲೆ ಬೀಳುತ್ತದೆ. ಅಂತೆಯೇ ಬರವಣಿಗೆಯನ್ನು ಮಾತ್ರ ಪ್ರಮಾಣವೆಂದು ಬಗೆದಲ್ಲಿ ಜೆಟ್ಟಿಗಳು ಕೇವಲ ಕಾಳಗದವರಾಗಿ ಉಳಿಯುತ್ತಾರೆ. ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ಜೆಟ್ಟಿ ಕಾಳಗವು ಆ ಪರಂಪರೆಯ ಒಂದು ಮುಖವನ್ನಷ್ಟೇ ತೋರಿಸುತ್ತದೆ. ಕೀಲು ಕೂರಿಸಿದ ಕೈಗಳ ಜ್ಞಾನವೂ ನಾಡಿನ ವೈದ್ಯಚರಿತ್ರೆಯ ಭಾಗವಾಗಿ ಪರಿಗಣಿತವಾಗಬೇಕಾಗಿದೆ.