ಸಂಡೂರಿನ ಮ್ಯಾಂಗನೀಸ್: ಅದಿರಿನ ಯೋಗ್ಯತೆಯನ್ನು ಅಳೆಯುವ ಬಗೆ

ಮ್ಯಾಂಗನೀಸ್ ಅದಿರಿಗೆ ದರ ಕಟ್ಟುವಾಗ ಮೊದಲು ಕೇಳುವುದು ಅದರಲ್ಲಿ ಲೋಹ ಶೇಕಡಾ ಎಷ್ಟಿದೆ ಎಂದು. ಬಳ್ಳಾರಿ ಜಿಲ್ಲೆಯ ಸಂಡೂರು ಬೆಟ್ಟಸಾಲಿನ ಅದಿರಿಗೆ ಈ ಒಂದೇ ಮಾನದಂಡ ಸಾಲದು. ಅದರಲ್ಲಿ ಕಬ್ಬಿಣ ಹೆಚ್ಚು, ರಂಜಕ ಕಡಿಮೆ. ಮೊದಲನೆಯದು ದೋಷವೆಂದು ಎಲ್ಲರೂ ಗುರುತಿಸುತ್ತಾರೆ. ಎರಡನೆಯದಕ್ಕೆ ಸಲ್ಲಬೇಕಾದ ಬೆಲೆ ಸಲ್ಲುತ್ತಿಲ್ಲ ಎಂಬುದು ನನ್ನ ವಾದ.

ಶುದ್ಧ ಮ್ಯಾಂಗನೀಸ್ ಪೆಡಸು ಲೋಹ. ಅದರಿಂದ ಏನನ್ನೂ ಬಡಿದು ಮಾಡಲಾಗದು. ಅದರ ಉಪಯೋಗವೆಲ್ಲ ಇತರ ಧಾತುಗಳೊಡನೆ ಅದು ವರ್ತಿಸುವ ರೀತಿಯಲ್ಲಿದೆ. ಉಕ್ಕಿನಲ್ಲಿ ಉಳಿದ ಗಂಧಕ ಕಬ್ಬಿಣದೊಡನೆ ಸೇರಿದರೆ, ಸುಮಾರು 988 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ಮಿಶ್ರಣ ಹರಳುಗಳ ಅಂಚಿನಲ್ಲಿ ನಿಲ್ಲುತ್ತದೆ. ಕಾದ ಉಕ್ಕು ಬಡಿತಕ್ಕೆ ಬಿರಿಯುವುದು ಇದರಿಂದಲೇ. ಮ್ಯಾಂಗನೀಸ್ ಇದ್ದರೆ ಗಂಧಕ ಅದನ್ನೇ ಸೇರಿ, ಆ ಉಷ್ಣತೆಗೆ ಕರಗದ ಸಲ್ಫೈಡ್ ಆಗುತ್ತದೆ. 1856ರಲ್ಲಿ ಬೆಸೆಮರ್ ಉಕ್ಕಿಗೆ ರಾಬರ್ಟ್ ಮುಶೆಟ್ ಮ್ಯಾಂಗನೀಸ್‌ಯುಕ್ತ ಬೀಡು ಬೆರೆಸಿದ್ದು ಆ ಉಕ್ಕನ್ನು ಬಳಕೆಗೆ ತಂದಿತು. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಕೊಂಡ, ಶೇ 12ರಿಂದ 14 ಮ್ಯಾಂಗನೀಸ್ ಇರುವ ಉಕ್ಕು ಪೆಟ್ಟು ಬಿದ್ದಷ್ಟೂ ಗಡುಸಾಗುತ್ತದೆ. ರೈಲು ಹಳಿಗಳ ಕ್ರಾಸಿಂಗ್‌ಗೂ ಕಲ್ಲು ಪುಡಿಮಾಡುವ ಯಂತ್ರದ ದವಡೆಗೂ ಅದು ಒದಗಿತು.

ಉಕ್ಕಿಗೆ ಮ್ಯಾಂಗನೀಸ್ ಸೇರುವುದು ಹೆಚ್ಚಾಗಿ ಸಿಲಿಕೋಮ್ಯಾಂಗನೀಸ್ ಇಲ್ಲವೆ ಫೆರೋಮ್ಯಾಂಗನೀಸ್ ಎಂಬ ಮಿಶ್ರಲೋಹಗಳ ರೂಪದಲ್ಲಿ. ಸಂಡೂರಿನ ಅದಿರು ತೊಡಕಿಗೆ ಸಿಲುಕುವುದು ಇಲ್ಲಿ. ವಿದ್ಯುತ್ ಕುಲುಮೆಯಲ್ಲಿ ಕಬ್ಬಿಣದ ಆಕ್ಸೈಡ್ ಬಹಳ ಮುಂಚೆಯೇ ಅಪಕರ್ಷಣಗೊಂಡು ಲೋಹವಾಗಿ ಇಳಿಯುತ್ತದೆ. ರಂಜಕವೂ ಹೆಚ್ಚಿನಂಶ ಅದರ ಹಿಂದೆಯೇ ಹೋಗುತ್ತದೆ. ಮ್ಯಾಂಗನೀಸ್ ಮಾನಾಕ್ಸೈಡ್‌ನಿಂದ ಆಮ್ಲಜನಕವನ್ನು ಕಿತ್ತುಕೊಳ್ಳಲು ಇಂಗಾಲಕ್ಕೆ ಇನ್ನೂ ಹೆಚ್ಚಿನ ಉಷ್ಣತೆ ಬೇಕು, ಆಗಲೂ ಒಂದು ಪಾಲು ಕಿಟ್ಟದಲ್ಲೇ ಉಳಿಯುತ್ತದೆ. ಶೇ 36 ಮ್ಯಾಂಗನೀಸ್, ಶೇ 18 ಕಬ್ಬಿಣ ಇರುವ ಅದಿರನ್ನು ಊಹಿಸಿಕೊಳ್ಳೋಣ. ಮ್ಯಾಂಗನೀಸಿನ ಐದರಲ್ಲಿ ನಾಲ್ಕು ಪಾಲು ಲೋಹಕ್ಕೆ ಬಂದರೂ, ಶೇ 7 ಇಂಗಾಲ ಕಳೆದು ಲೆಕ್ಕ ಹಾಕಿದರೆ ಫೆರೋಮ್ಯಾಂಗನೀಸಿನಲ್ಲಿ ಮ್ಯಾಂಗನೀಸ್ ಶೇ 57ರಷ್ಟೇ. ಮಾರುಕಟ್ಟೆ ಕೇಳುವುದು ಶೇ 70ಕ್ಕೂ ಮೇಲೆ. ಆದ್ದರಿಂದ ಕುಲುಮೆಗೆ ಮುಖ್ಯವಾದುದು ಶೇಕಡಾವಾರಿಗಿಂತ ಮ್ಯಾಂಗನೀಸ್–ಕಬ್ಬಿಣದ ಅನುಪಾತ.

ಈ ತೊಡಕು ನೀಗಲು ಎರಡು ದಾರಿಗಳಿವೆ. ಒಂದು, ಬೆರಕೆ. ಆಂಧ್ರದ ವಿಜಯನಗರಂ ಪ್ರದೇಶದ ಅದಿರಿಗೆ ರಂಜಕದ ಕಾಟ. ಉಕ್ಕನ್ನು ಚಳಿಗೆ ಪೆಡಸಾಗಿಸುವ ಈ ಧಾತುವನ್ನು ಕುಲುಮೆಯಲ್ಲಿ ಬೇರ್ಪಡಿಸುವುದು ಕಷ್ಟ. ಅಂಥ ಅದಿರಿನ ಜೊತೆ ಸಂಡೂರಿನದನ್ನು ಸೇರಿಸಿದರೆ ರಂಜಕದ ಮಟ್ಟ ಇಳಿಯುತ್ತದೆ. ಕಬ್ಬಿಣದ ಹೊರೆ ಹೊತ್ತುಕೊಳ್ಳಲು ಮ್ಯಾಂಗನೀಸ್ ಸಮೃದ್ಧವಾದ ಮೂರನೆಯ ಅದಿರು ಬೇಕಾದೀತು.

ಇನ್ನೊಂದು ದಾರಿ ನನಗೆ ಹೆಚ್ಚು ಭರವಸೆಯದು. ಅಪಕರ್ಷಣವನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದರೆ ಕಬ್ಬಿಣ, ರಂಜಕಗಳು ಲೋಹದಲ್ಲಿ ಇಳಿದು, ಮ್ಯಾಂಗನೀಸ್ ತುಂಬಿದ ಕಿಟ್ಟ ಮೇಲೆ ನಿಲ್ಲುತ್ತದೆ. ಬೆಣಚುಕಲ್ಲು ಮತ್ತು ಕೋಕ್ ಸೇರಿಸಿ ಆ ಕಿಟ್ಟವನ್ನೇ ಮತ್ತೆ ಕರಗಿಸಿದರೆ ಸಿಲಿಕೋಮ್ಯಾಂಗನೀಸ್ ಸಿಗುತ್ತದೆ. ವಿದ್ಯುತ್ತಿನ ಖರ್ಚು ಏರುತ್ತದೆ, ನಿಜ. ಮೊದಲ ಹಂತದ ಕಬ್ಬಿಣಕ್ಕೆ ಗಿರಾಕಿ ಸಿಕ್ಕರೆ ಆ ಖರ್ಚಿನ ಒಂದು ಭಾಗ ಮರಳುತ್ತದೆ. ಸಂಡೂರಿನ ಅದಿರಿನಿಂದ ಬರುವ ಈ ಕಬ್ಬಿಣದಲ್ಲಿ ರಂಜಕ ಕಡಿಮೆಯಾದ್ದರಿಂದ ಅದನ್ನು ಕೊಳ್ಳುವವರಿಗೆ ಹಿಂಜರಿಯಲು ಕಾರಣವೂ ಕಡಿಮೆ.