ಕ್ರಿಮ್ಸನ್ ಕ್ಲಿಫ್ಸ್

ಗ್ರೀನ್‌ಲೆಂಡಿನ ವಾಯವ್ಯ ಕರಾವಳಿಯಲ್ಲಿ, ಕೇಪ್ ಯಾರ್ಕ್ ಭೂಶಿರದ ಆಸುಪಾಸಿನಲ್ಲಿ, ಬ್ಯಾಫಿನ್ ಕೊಲ್ಲಿಗೆ ಮುಖಮಾಡಿ ನಿಂತಿರುವ ಕಡಿದಾದ ಬಂಡೆಸಾಲು. ಹೆಸರಿನ ಅರ್ಥ ಕಡುಗೆಂಪು ಬಂಡೆಗಳು ಎಂದು. ಆದರೆ ಆ ಕೆಂಪು ಬಂಡೆಯದಲ್ಲ, ಬಂಡೆಯ ಇಳಿಜಾರುಗಳಲ್ಲಿ ಬೇಸಿಗೆಗೂ ಕರಗದೆ ಉಳಿದ ಹಿಮದ್ದು. ವಾಯವ್ಯ ಜಲಮಾರ್ಗವನ್ನು ಹುಡುಕುತ್ತ ಇಸಾಬೆಲಾ, ಅಲೆಕ್ಸಾಂಡರ್ ಎಂಬ ಎರಡು ಹಡಗುಗಳೊಡನೆ ಬಂದಿದ್ದ ಬ್ರಿಟಿಷ್ ನೌಕಾಧಿಕಾರಿ ಜಾನ್ ರಾಸ್, 1818ರ ಆಗಸ್ಟ್‌ನಲ್ಲಿ ಈ ಕೆಂಪನ್ನು ಕಂಡು ಹೆಸರಿಟ್ಟ. ಭೂಪಟದ ಹೆಸರುಗಳು ಸಾಮಾನ್ಯವಾಗಿ ನೆಲವನ್ನೋ ಒಡೆಯನನ್ನೋ ಹೇಳುತ್ತವೆ. ಇದು ಒಂದು ಋತುವಿನ ನೋಟವನ್ನು ದಾಖಲಿಸುತ್ತದೆ. ಕಾರಣವನ್ನು ಊಹಿಸುವ ಗೋಜಿಗೆ ಹೋಗದೆ ಬಣ್ಣವನ್ನಷ್ಟೇ ಹೇಳಿದ್ದರಿಂದಲೇ ಅದು ಮುಂದಿನ ಎಲ್ಲ ವಿವಾದಗಳನ್ನೂ ದಾಟಿ ಉಳಿಯಿತು.

ವಿವಾದಗಳಿಗೇನೂ ಕೊರತೆಯಿರಲಿಲ್ಲ. ರಾಸ್ ಒಯ್ದ ಮಾದರಿಗಳು ಲಂಡನ್ ತಲುಪಿದಾಗ, ಇದು ಉಲ್ಕೆಯ ಕಬ್ಬಿಣದಿಂದ ಬಂದ ಬಣ್ಣವೆಂದು 'ದಿ ಟೈಮ್ಸ್' ಪತ್ರಿಕೆ ಶಂಕಿಸಿತು. ಸೂಕ್ಷ್ಮದರ್ಶಕದಡಿ ದುಂಡು ಕಣಗಳನ್ನು ಕಂಡ ಸಸ್ಯಚಿತ್ರಕಾರ ಫ್ರಾನ್ಸಿಸ್ ಬಾವರ್ ಅವನ್ನು ಶಿಲೀಂಧ್ರವೆಂದು ಬಗೆದು 'ಯುರೆಡೊ ನಿವಾಲಿಸ್' ಎಂದು ಕರೆದ. ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಪಾಚಿಯ ಕಡೆಗೆ ಬೆರಳು ತೋರಿಸಿದ. ಬ್ರೌನ್ ಊಹೆಯೇ ನಿಜವಾಯಿತು. ಇದು ಹಸಿರು ಪಾಚಿಗಳ ಗುಂಪಿಗೇ ಸೇರಿದ ಏಕಕೋಶ ಜೀವಿ. ಹಿಮದ ಮೇಲಿನ ತೀಕ್ಷ್ಣ ಬಿಸಿಲನ್ನು ತಾಳಿಕೊಳ್ಳಲು ಅದು ಅಸ್ಟಾಕ್ಸಾಂತಿನ್ ಎಂಬ ಕೆಂಪು ವರ್ಣಕವನ್ನು ತನ್ನೊಳಗೆ ತುಂಬಿಕೊಳ್ಳುತ್ತದೆ. ಕೆಂಪಾದ ಹಿಮ ಹೆಚ್ಚು ಶಾಖ ಹೀರಿ ಬೇಗ ಕರಗುವುದರಿಂದ ಇಂದು ಹವಾಮಾನ ವಿಜ್ಞಾನಿಗಳಿಗೂ ಇದು ಮುಖ್ಯ ವಿಷಯ. ಬಹುಕಾಲ 'ಕ್ಲಾಮಿಡೊಮೊನಾಸ್ ನಿವಾಲಿಸ್' ಎನಿಸಿಕೊಂಡಿದ್ದ ಈ ಬಗೆಯ ಪಾಚಿಗೆ 2019ರಲ್ಲಿ 'ಸಾಂಗ್ವಿನಾ' ಎಂಬ ಹೊಸ ಕುಲವನ್ನೇ ರಚಿಸಲಾಯಿತು. ಲ್ಯಾಟಿನ್‌ನಲ್ಲಿ ಅದು ರಕ್ತವನ್ನು ನೆನಪಿಸುವ ಪದ. ಇನ್ನೂರು ವರ್ಷಗಳ ಬಳಿಕ ವಿಜ್ಞಾನವೂ ರಾಸ್ ಕಂಡ ಬಣ್ಣಕ್ಕೇ ಮರಳಿತು.

ಕೆಂಪು ಹಿಮ ಇಲ್ಲಿನ ವಿಶೇಷವೇನಲ್ಲ, ಆದ್ದರಿಂದ ಹೆಸರು ಸ್ಥಳವನ್ನು ಗುರುತಿಸಲಾರದು ಎಂಬ ಆಕ್ಷೇಪವುಂಟು. ನಿಜ, ಅರಿಸ್ಟಾಟಲ್ ಕೆಂಪಾಗುವ ಹಿಮವನ್ನು ಪ್ರಸ್ತಾಪಿಸಿದ್ದ. 18ನೇ ಶತಮಾನದಲ್ಲಿ ಸ್ವಿಸ್ ನಿಸರ್ಗವಿಜ್ಞಾನಿ ಸೊಸ್ಯೂರ್ ಆಲ್ಪ್ಸ್‌ನಲ್ಲಿ ಅದನ್ನು ಕಂಡು ಪರಾಗವಿರಬೇಕೆಂದುಕೊಂಡ. ಆದರೆ ಯುರೋಪಿನ ಗಮನ ಈ ಜೀವಿಯತ್ತ ಗಟ್ಟಿಯಾಗಿ ತಿರುಗಿದ್ದು ಈ ಬಂಡೆಸಾಲಿನಿಂದ ಒಯ್ದ ಮಾದರಿಗಳಿಂದ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಇನುಗುಯಿಟ್ ಜನರು ಬಾಳಿಕೊಂಡಿದ್ದ ನೆಲಕ್ಕೆ ಹಾದುಹೋಗುವ ನಾವಿಕ ಹೆಸರಿಡುವುದು ಎಷ್ಟು ಸರಿ? ಭೂಶಿರಕ್ಕೆ ಅವರದೇ ಹೆಸರಿದೆ, ಇನ್ನಾಂಗನೆಕ್. ರಾಜಮನೆತನದ ಡ್ಯೂಕನ ಗೌರವಾರ್ಥ ಇಟ್ಟ 'ಕೇಪ್ ಯಾರ್ಕ್' ಆ ನೆಲದ ಬಗ್ಗೆ ಏನನ್ನೂ ಹೇಳದು. ಅಲ್ಲಿ ಆಕ್ಷೇಪ ಪೂರ್ತಿ ನ್ಯಾಯವೇ. ಕಡುಗೆಂಪಿನ ಹೆಸರಾದರೋ ಸ್ಥಳೀಯರ ಹೆಸರಿಡುವ ಬಗೆಗೇ ಹತ್ತಿರದ್ದು. ಸಮೀಪದ ಸವಿಸಿವಿಕ್ ಎಂಬ ಊರಿಗೆ ಆ ಹೆಸರು ಬಂದದ್ದು ಉಲ್ಕೆಯ ಕಬ್ಬಿಣದಿಂದ. ಆ ಕಬ್ಬಿಣವನ್ನು ಬಡಿದು ಅಲಗು ಕೂರಿಸಿದ ಚಾಕುಗಳನ್ನು ರಾಸ್ ಇನುಗುಯಿಟ್ ಜನರ ಕೈಯಲ್ಲೇ ಕಂಡಿದ್ದ. ಆ ಉಲ್ಕೆಯ ಮೂರು ದೊಡ್ಡ ತುಂಡುಗಳನ್ನು ಅಮೆರಿಕದ ಧ್ರುವಾನ್ವೇಷಕ ರಾಬರ್ಟ್ ಪಿಯರಿ 1895–97ರಲ್ಲಿ ಸಾಗಿಸಿದ. ಅವು ನ್ಯೂಯಾರ್ಕಿನ ವಸ್ತುಸಂಗ್ರಹಾಲಯ ಸೇರಿದವು.